ಮಾಂಸ, ಮೊಟ್ಟೆ ಇಲ್ಲದ ಜಪಾನಿ ಕೊರೊಕ್ಕೆ: ಮನೆಯಲ್ಲಿ ಮಾಡುವ ಬಗೆ

ಜಪಾನಿನ ಪೇಟೆಬೀದಿಗಳಲ್ಲಿ ಸಂಜೆ ಹೊತ್ತು ಮಾಂಸದಂಗಡಿ ಮುಂದೆ ಸಾಲು ನಿಂತವರೆಲ್ಲ ಮಾಂಸಕ್ಕೇ ಬಂದವರಲ್ಲ. ಅಂಗಡಿಯವರು ಅಲ್ಲೇ ಕರಿದು, ಕಾಗದದಲ್ಲಿ ಸುತ್ತಿ ಕೊಡುವ ಬಿಸಿ ಕೊರೊಕ್ಕೆಗಾಗಿ ಬಂದವರೂ ಇರುತ್ತಾರೆ. ಬೇಯಿಸಿ ಹಿಸುಕಿದ ಆಲೂಗಡ್ಡೆ, ಬಾಡಿಸಿದ ಈರುಳ್ಳಿ, ಸ್ವಲ್ಪ ಕೊಚ್ಚಿದ ಮಾಂಸ, ಮೇಲೆ ದಪ್ಪ ತರಿಯ ಬ್ರೆಡ್ ಪುಡಿ. ಇಷ್ಟೇ ಸಾಮಾನು. ಫ್ರಾನ್ಸಿನ ಕ್ರೊಕೆಟ್ ಮೇಜಿ ಕಾಲದಲ್ಲಿ, ಅಂದರೆ 1868ರಿಂದ 1912ರ ನಡುವೆ, ಜಪಾನಿಗೆ ಬಂದು ಹೀಗೆ ಬದಲಾಯಿತು. ಟೋಕಿಯೋದ ಗಿಂಜಾದಲ್ಲಿ 1927ರಲ್ಲಿ ಶುರುವಾದ ಚೋಶಿಯಾ ಎಂಬ ಅಂಗಡಿ, ಆಲೂಗಡ್ಡೆ ಕೊರೊಕ್ಕೆ ಮಾರಿದ ಮೊದಲ ಮಾಂಸದಂಗಡಿ ಅಂತ ಹೆಸರು ಮಾಡಿದೆ. ಮಾಂಸದಂಗಡಿಗೂ ಇದಕ್ಕೂ ನಂಟು ಬೆಳೆದದ್ದು ಸಹಜ. ಅವರ ಹತ್ತಿರ ಉಳಿದ ಚೂರುಪಾರು ಮಾಂಸವೂ ಇತ್ತು, ಕರಿಯಲು ಹಂದಿಕೊಬ್ಬೂ ಇತ್ತು.

ಸಸ್ಯಾಹಾರಿಗಳಿಗೆ ತೊಂದರೆ ಇರುವುದು ಇಲ್ಲೇ. ಹೆಸರು ಬರೀ 'ಪೊಟೆಟೊ ಕೊರೊಕ್ಕೆ' ಅಂತಿದ್ದರೂ ಒಳಗೆ ಮಾಂಸ ಇರಬಹುದು. ಮಾಂಸ ಇಲ್ಲದಿದ್ದರೆ ಮಾಂಸದ ಸಾರ ಇರಬಹುದು. ಹೊದಿಕೆಗೆ ಮೊಟ್ಟೆ ಹಾಕುತ್ತಾರೆ, ಕರಿದದ್ದು ಹಂದಿಕೊಬ್ಬಿನಲ್ಲೂ ಇರಬಹುದು. 'ತರಕಾರಿ ಕೊರೊಕ್ಕೆ' ಅಂತ ಬರೆದದ್ದನ್ನೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ಟೋಕಿಯೋದಲ್ಲಿ ಕೆಲಸಕ್ಕಿರುವ ನಮ್ಮ ಕಡೆಯವರಿಗೆ ಇದು ಚೆನ್ನಾಗಿ ಗೊತ್ತು. ಹಾಗಾಗಿ ಸಸ್ಯಾಹಾರಿ ಕೊರೊಕ್ಕೆ ತಿನ್ನಬೇಕಾದರೆ ನೆಚ್ಚಿಕೊಳ್ಳಬಹುದಾದ ದಾರಿ ಮನೆಯಲ್ಲಿ ಮಾಡಿಕೊಳ್ಳುವುದು. ಇದೇನು ಕಷ್ಟದ ಅಡುಗೆ ಅಲ್ಲ. ಆದರೆ ಅವಸರದಲ್ಲಿ ಮಾಡುವ ಅಡುಗೆಯೂ ಅಲ್ಲ.

ಕೈ ಹಾಕುವ ಮೊದಲು ಒಂದು ಮಾತು. ಇದಕ್ಕೆ ಮಸಾಲೆ ಹಾಕಬೇಡಿ. ನಮ್ಮ ಆಲೂ ಬೋಂಡಾದಲ್ಲಿ ಹಸಿಮೆಣಸು, ಶುಂಠಿ, ಒಗ್ಗರಣೆಗಳದ್ದೇ ಆಟ. ಆಲೂಗಡ್ಡೆ ಅವನ್ನೆಲ್ಲ ಹೊತ್ತುಕೊಂಡಿರುತ್ತದೆ. ಕೊರೊಕ್ಕೆಯಲ್ಲಿ ಹಾಗಲ್ಲ, ನಾವು ತಿನ್ನುತ್ತಿರುವುದೇ ಆಲೂಗಡ್ಡೆಯನ್ನು. ಅಚ್ಚ ಖಾರದ ಪುಡಿ, ಗರಂ ಮಸಾಲೆ, ಕೊತ್ತಂಬರಿ ಸೊಪ್ಪು ಹಾಕಿದರೆ ರುಚಿಯಾದ ಕಟ್ಲೆಟ್ ಆಗುತ್ತದೆ, ಕೊರೊಕ್ಕೆ ಆಗುವುದಿಲ್ಲ. ಒಂದು ಸಲ ಕೈ ಬಿಗಿಹಿಡಿದು ಮಾಡಿ ನೋಡಿ. ಆಲೂಗಡ್ಡೆಗೆ ಅದರದ್ದೇ ಆದ ಸಿಹಿ ಇದೆ, ಮಣ್ಣಿನ ಒಂದು ಸಣ್ಣ ಘಮ ಇದೆ. ಮಸಾಲೆಯ ನಡುವೆ ಅದು ನಮಗೆ ಸಿಗುವುದೇ ಇಲ್ಲ.

ಇಡೀ ಅಡುಗೆಯಲ್ಲಿ ಕಣ್ಣಿಡಬೇಕಾದದ್ದು ನೀರಿನ ಮೇಲೆ. ಆಲೂಗಡ್ಡೆಯಲ್ಲಿ, ಈರುಳ್ಳಿಯಲ್ಲಿ, ಅಣಬೆಯಲ್ಲಿ ಇರುವ ನೀರನ್ನು ಎಷ್ಟು ತೆಗೆಯುತ್ತೀರೋ ಕೊರೊಕ್ಕೆ ಅಷ್ಟು ಚೆನ್ನಾಗಿ ಬರುತ್ತದೆ. ಎಣ್ಣೆಯಲ್ಲಿ ಒಡೆಯುವುದು, ಒಳಗೆ ಅಂಟಂಟಾಗುವುದು, ಹತ್ತು ನಿಮಿಷಕ್ಕೇ ಮೆತ್ತಗಾಗುವುದು, ಈ ಮೂರಕ್ಕೂ ಬಹಳ ಸಲ ಉಳಿದುಹೋದ ನೀರೇ ಕಾರಣ.

ಎಂಟು ಕೊರೊಕ್ಕೆಗೆ ಬೇಕಾದದ್ದು

ಒಳಗಿನ ಹೂರಣಕ್ಕೆ:
ಆಲೂಗಡ್ಡೆ 500 ಗ್ರಾಂ (ಮಧ್ಯಮ ಗಾತ್ರದ 4 ಅಥವಾ 5)
ಈರುಳ್ಳಿ 1, ಸಣ್ಣಗೆ ಹೆಚ್ಚಿದ್ದು
ಬಟನ್ ಅಣಬೆ 150 ಗ್ರಾಂ
ಬೆಣ್ಣೆ 1 ದೊಡ್ಡ ಚಮಚ, ಎಣ್ಣೆ 1 ಸಣ್ಣ ಚಮಚ
ಸೋಯಾ ಸಾಸ್ 2 ಸಣ್ಣ ಚಮಚ
ಸಕ್ಕರೆ 1 ಸಣ್ಣ ಚಮಚ
ಉಪ್ಪು ಅರ್ಧ ಸಣ್ಣ ಚಮಚ, ಆಮೇಲೆ ರುಚಿ ನೋಡಿ ಬೇಕಾದರೆ ಇನ್ನಷ್ಟು
ಮೆಣಸಿನ ಪುಡಿ (ಕಾಳುಮೆಣಸಿನದು) ಕಾಲು ಸಣ್ಣ ಚಮಚ
ಜಾಯಿಕಾಯಿ ಪುಡಿ ಒಂದು ಚಿಟಿಕೆ, ಇದ್ದರೆ

ಹೊದಿಕೆಗೆ:
ಒಣ ಮೈದಾ 3 ದೊಡ್ಡ ಚಮಚ
ಕಲಸಲು ಮೈದಾ ಅರ್ಧ ಕಪ್, ನೀರು ಹೆಚ್ಚುಕಡಿಮೆ ಅಷ್ಟೇ
ಪಾಂಕೊ (ಜಪಾನಿನ ದಪ್ಪ ತರಿಯ ಬ್ರೆಡ್ ಪುಡಿ) 2 ಕಪ್
ಕರಿಯಲು ಕಡಲೆಕಾಯಿ ಎಣ್ಣೆ ಅಥವಾ ಸೂರ್ಯಕಾಂತಿ ಎಣ್ಣೆ

ಅಣಬೆ ತಿನ್ನದ ಮನೆಗಳಿವೆ. ಅಲ್ಲಿ ಅಣಬೆ ಬದಲು ಬೇಯಿಸಿದ ಸ್ವೀಟ್ ಕಾರ್ನ್, ಸಣ್ಣಗೆ ಹೆಚ್ಚಿದ ಕ್ಯಾರೆಟ್ ಹಾಕಬಹುದು. ಜೋಳ ಹಾಕಿದ ಕೊರೊಕ್ಕೆ, ಸಿಹಿಗುಂಬಳದ ಕೊರೊಕ್ಕೆ ಜಪಾನಿನಲ್ಲೂ ಮಾಮೂಲು. ಈರುಳ್ಳಿ ಬೇಡದವರು ಬಿಟ್ಟುಬಿಡಿ, ಬೆಣ್ಣೆ ಸ್ವಲ್ಪ ಜಾಸ್ತಿ ಮಾಡಿ. ಹಾಲಿನದ್ದೂ ಬೇಡ ಅನ್ನುವವರು ಬೆಣ್ಣೆ ಜಾಗಕ್ಕೆ ಎಣ್ಣೆ ಹಾಕಿದರೆ ಸಾಕು. ಆದರೆ ಬ್ರೆಡ್‌ನಲ್ಲಿ ಹಾಲಿದೆಯಾ ಅಂತ ಪೊಟ್ಟಣ ತಿರುಗಿಸಿ ನೋಡಿ.

ಯಾವ ಆಲೂಗಡ್ಡೆ?

ಜಪಾನಿನಲ್ಲಿ ಇದಕ್ಕೆ ಬಳಸುವುದು ಡಾನ್‌ಶಾಕು ಅನ್ನುವ ತಳಿ. ಹಕೊಡಾತೆಯ ಹಡಗುಕಟ್ಟೆ ಕಂಪನಿಯ ಮುಖ್ಯಸ್ಥರಾಗಿದ್ದ ಬ್ಯಾರನ್ ಕವಾಡಾ ರ್ಯೋಕಿಚಿ 1908ರಲ್ಲಿ ಐರಿಶ್ ಕಾಬ್ಲರ್ ಎಂಬ ತಳಿಯ ಬೀಜದ ಗಡ್ಡೆ ತರಿಸಿ ಹೊಕ್ಕೈಡೊದಲ್ಲಿ ಬೆಳೆಸಿದರು. ಜಪಾನಿ ಭಾಷೆಯಲ್ಲಿ ಡಾನ್‌ಶಾಕು ಅಂದರೆ ಬ್ಯಾರನ್. ಅವರ ಆ ಪದವಿಯೇ ಗಡ್ಡೆಗೂ ಹೆಸರಾಯಿತು. ಬೆಂದ ಮೇಲೆ ಇದು ಪುಡಿಪುಡಿಯಾಗಿ ಬಿಡುತ್ತದೆ. ಅಲ್ಲೇ ಸಿಗುವ ಮೇಕ್ವೀನ್ ಅನ್ನುವ ಇನ್ನೊಂದು ತಳಿ ಬೆಂದರೂ ಗಟ್ಟಿಯಾಗಿ, ನುಣ್ಣಗೆ ಇರುತ್ತದೆ. ಅದು ಪಲ್ಯದ ಥರದ ಅಡುಗೆಗೆ ಸರಿ, ಕೊರೊಕ್ಕೆಗೆ ಅಷ್ಟು ಒಗ್ಗುವುದಿಲ್ಲ.

ನಮ್ಮ ಕಡೆ ಹಾಸನ, ಚಿಕ್ಕಬಳ್ಳಾಪುರ, ಕೋಲಾರದ ಗಡ್ಡೆ ಬರುತ್ತದೆ. ಉತ್ತರ ಭಾರತದ ಕೋಲ್ಡ್ ಸ್ಟೋರೇಜ್ ಗಡ್ಡೆಯೂ ಬರುತ್ತದೆ. ಕುಫ್ರಿ ಜ್ಯೋತಿ ಎಲ್ಲ ಕಡೆ ಬೆಳೆಯುವ ತಳಿ. ಆದರೆ ಅಂಗಡಿಯಲ್ಲಿ ತಳಿ ಕೇಳಿದರೆ ಹೇಳುವವರು ಕಡಿಮೆ. ಕೈಯಿಂದಲೇ ನೋಡಿಕೊಳ್ಳಬೇಕು. ಹೆಬ್ಬೆರಳಿನಲ್ಲಿ ಉಜ್ಜಿದ ಕೂಡಲೇ ಸಿಪ್ಪೆ ಸುಲಿದು ಬಂದರೆ ಅದು ಎಳೆ ಗಡ್ಡೆ, ನೀರು ಜಾಸ್ತಿ. ಬಿಡಿ. ಸಿಪ್ಪೆ ಸ್ವಲ್ಪ ದಪ್ಪ, ಒರಟಾಗಿದ್ದು ಗಡ್ಡೆ ಗಟ್ಟಿಯಾಗಿದ್ದರೆ ತಗೊಳ್ಳಿ. ಹಸಿರು ಬಣ್ಣ ತಿರುಗಿದ್ದು, ಮೊಳಕೆ ಬಂದದ್ದು ಯಾವ ಅಡುಗೆಗೂ ಬೇಡ.

ಅನುಮಾನ ಇದ್ದರೆ ಒಂದು ಪರೀಕ್ಷೆ ಇದೆ. 1 ಪಾಲು ಉಪ್ಪಿಗೆ 11 ಪಾಲು ನೀರು ಬೆರೆಸಿ, ಅದಕ್ಕೆ ಗಡ್ಡೆ ಬಿಡಿ. ಮುಳುಗಿದರೆ ಅದರಲ್ಲಿ ಹಿಟ್ಟಿನಂಶ ಜಾಸ್ತಿ, ಕೊರೊಕ್ಕೆಗೆ ಸರಿಯಾದದ್ದು. ತೇಲಿದರೆ ನೀರು ಜಾಸ್ತಿ, ಸಾರಿಗೆ ಹಾಕಿ.

ಫ್ರಿಜ್‌ನಲ್ಲಿ ಇಟ್ಟ ಆಲೂಗಡ್ಡೆ ಬೇಡ. ತಣ್ಣಗಿನ ಜಾಗದಲ್ಲಿ ಅದರ ಪಿಷ್ಟ ಸಕ್ಕರೆಯಾಗುತ್ತಾ ಹೋಗುತ್ತದೆ. ಆಗ ರುಚಿ ಸಿಹಿಸಿಹಿಯಾಗುತ್ತದೆ, ಹಿಸುಕಿದರೆ ಪುಡಿಯಾಗುವ ಗುಣವೂ ಕಡಿಮೆಯಾಗುತ್ತದೆ.

ಬೇಯಿಸುವುದು, ಹಿಟ್ಟಾಡಿಸುವುದು

ಕುಕ್ಕರ್‌ನಲ್ಲೇ ಬೇಯಿಸಬಹುದು. ಆದರೆ ಆಲೂಗಡ್ಡೆಯನ್ನು ನೀರಿನಲ್ಲಿ ಮುಳುಗಿಸಬೇಡಿ. ಕುಕ್ಕರ್ ತಳಕ್ಕೆ ಎರಡು ಲೋಟ ನೀರು ಹಾಕಿ, ಗಡ್ಡೆಗಳನ್ನು ಸಿಪ್ಪೆ ಸಮೇತ ಪಾತ್ರೆಯಲ್ಲಿ ಒಣಗಿದ್ದ ಹಾಗೇ ಇಟ್ಟು, ಪಾತ್ರೆಗೆ ತಟ್ಟೆ ಮುಚ್ಚಿ. ಮೂರು ನಾಲ್ಕು ಸಲ ಕೂಗಿದರೆ ಸಾಕು. ದೊಡ್ಡ ಗಡ್ಡೆ ಇದ್ದರೆ ಒಂದು ಕೂಗು ಜಾಸ್ತಿ. ಬೆಂದ ಗಡ್ಡೆಗೆ ಚಾಕು ಚುಚ್ಚಿ ಎತ್ತಿದರೆ ತಾನಾಗಿ ಜಾರಿ ಬೀಳಬೇಕು. ನಡುವೆ ಗಟ್ಟಿ ಉಳಿದಿದ್ದರೆ ಹಿಸುಕುವಾಗ ಗಂಟು ಗಂಟಾಗಿ ಸಿಗುತ್ತದೆ.

ಸಿಪ್ಪೆಯನ್ನು ಬಿಸಿ ಇರುವಾಗಲೇ ತೆಗೆಯಬೇಕು. ಒಂದು ಬಟ್ಟೆಯಲ್ಲಿ ಹಿಡಿದುಕೊಂಡರೆ ಕೈ ಸುಡುವುದಿಲ್ಲ. ನಂತರ ಒಂದೊಂದು ಗಡ್ಡೆಯನ್ನು ನಾಲ್ಕು ಹೋಳು ಮಾಡಿ, ಒಣ ಬಾಣಲೆಗೆ ಹಾಕಿ, ಸಣ್ಣ ಉರಿಯಲ್ಲಿ ಬಾಣಲೆಯನ್ನು ಆಗಾಗ ಕುಲುಕುತ್ತಾ ಒಂದೆರಡು ನಿಮಿಷ ಇಡಿ. ಇದನ್ನು ದಯವಿಟ್ಟು ಬಿಡಬೇಡಿ. ಮೊದಲು ದಟ್ಟ ಹಬೆ ಏಳುತ್ತದೆ. ಹೋಳಿನ ಮೈ ಒದ್ದೆಯಾಗಿ ಹೊಳೆಯುತ್ತಿರುತ್ತದೆ. ಸ್ವಲ್ಪ ಹೊತ್ತಿಗೆ ಆ ಹೊಳಪು ಹೋಗಿ, ಅಂಚುಗಳು ಬಿಳಿಚಿಕೊಂಡು, ಮೈ ಮೇಲೆ ಹಿಟ್ಟು ಉದುರಿಸಿದ ಹಾಗೆ ಕಾಣುತ್ತದೆ. ಬಾಣಲೆ ತಳದಲ್ಲೂ ತೆಳ್ಳಗೆ ಬಿಳಿ ಪದರ ಕೂರುತ್ತದೆ. ಕುಲುಕಿದಾಗ ಚಪ್ ಚಪ್ ಅನ್ನುತ್ತಿದ್ದ ಸದ್ದು ಸರಸರ ಅಂತ ಬದಲಾಗುತ್ತದೆ. ಅಲ್ಲಿಗೆ ಸಾಕು. ಜಪಾನಿನ ಅಡುಗೆಮನೆಗಳಲ್ಲಿ ಇದು ನಿತ್ಯದ ಕೆಲಸ. ಕೊಫುಕಿಇಮೊ ಅಂತ ಉಪ್ಪು ಹಾಕಿ ಇದನ್ನೇ ಒಂದು ಅಡುಗೆಯಾಗಿಯೂ ತಿನ್ನುತ್ತಾರೆ.

ಈಗ ಒಲೆ ಆರಿಸಿ, ಬಿಸಿಬಿಸಿ ಇರುವಾಗಲೇ ಹಿಸುಕಿ. ಆರಿದ ಮೇಲೆ ಹಿಸುಕಿದರೆ ಅಂಟಾಗುತ್ತದೆ. ಬಿಸಿಯಲ್ಲಿ ಆಲೂಗಡ್ಡೆಯ ಕಣಗಳು ಒಂದಕ್ಕೊಂದು ಬಿಟ್ಟುಕೊಂಡು ಸುಲಭವಾಗಿ ಬೇರೆಯಾಗುತ್ತವೆ. ತಣ್ಣಗಾದಾಗ ಅವು ಮತ್ತೆ ಕಚ್ಚಿಕೊಳ್ಳುತ್ತವೆ. ಆಗ ಒತ್ತಿದರೆ ಕಣಗಳೇ ಒಡೆದು ಪಿಷ್ಟ ಹೊರಗೆ ಬರುತ್ತದೆ. ಮಿಕ್ಸಿಯಂತೂ ಬೇಡವೇ ಬೇಡ. ಗೊಂದಿನಂತಾಗಿ ಕೂರುತ್ತದೆ, ಅದಕ್ಕೆ ರಿಪೇರಿ ಇಲ್ಲ. ಮ್ಯಾಶರ್ ಅಥವಾ ಗಟ್ಟಿ ಲೋಟದ ತಳ ಸಾಕು. ಪೂರ್ತಿ ನುಣ್ಣಗೂ ಮಾಡಬೇಡಿ. ಹತ್ತರಲ್ಲಿ ಎರಡು ಪಾಲು ಸಣ್ಣ ಸಣ್ಣ ತುಂಡು ಉಳಿಯಲಿ. ಕಚ್ಚಿದಾಗ ಆಲೂಗಡ್ಡೆ ಅನ್ನುವುದು ಬಾಯಿಗೆ ಗೊತ್ತಾಗಬೇಕು. ಅರ್ಧ ಬೆಣ್ಣೆಯನ್ನು ಇದಕ್ಕೇ ಹಾಕಿ ಬೆರೆಸಿಡಿ.

ಮಾಂಸದ ಜಾಗಕ್ಕೆ ಅಣಬೆ

ಮಾಂಸ ಬಿಟ್ಟ ಮೇಲೆ ಅದು ಮಾಡುತ್ತಿದ್ದ ಕೆಲಸವನ್ನು ಯಾರಾದರೂ ಮಾಡಬೇಕಲ್ವಾ? ಕೊರೊಕ್ಕೆಯಲ್ಲಿ ಮಾಂಸದ ಪಾಲು ಚಿಕ್ಕದು. ಆದರೆ ನಾಲಿಗೆ ಮೇಲೆ ನಿಲ್ಲುವ ಆಳವಾದ ರುಚಿ ಅದರಿಂದಲೇ ಬರುತ್ತದೆ. ಅಣಬೆ, ಸೋಯಾ ಸಾಸ್, ಚೆನ್ನಾಗಿ ಕೆಂಪಗಾದ ಈರುಳ್ಳಿ, ಈ ಮೂರು ಸೇರಿದರೆ ಆ ರುಚಿ ಬರುತ್ತದೆ. ಸೋಯಾ ಚೂರು ಹಾಕುವವರೂ ಇದ್ದಾರೆ. ಅದರ ವಾಸನೆ ಆಲೂಗಡ್ಡೆಯನ್ನು ಹಿಂದಕ್ಕೆ ತಳ್ಳುತ್ತದೆ. ನನಗೆ ಅಣಬೆಯೇ ಸರಿ.

ಅಣಬೆಯನ್ನು ಅಕ್ಕಿಕಾಳಿನ ಗಾತ್ರಕ್ಕೆ ಕೊಚ್ಚಿಕೊಳ್ಳಿ. ಅಗಲವಾದ ಬಾಣಲೆಗೆ ಎಣ್ಣೆ ಹಾಕದೆ ಅಣಬೆ ಹಾಕಿ, ಜೋರು ಉರಿಯಲ್ಲಿ ಇಡಿ. ಮೂರು ನಾಲ್ಕು ನಿಮಿಷಕ್ಕೆ ನೀರು ಬಿಟ್ಟುಕೊಳ್ಳುತ್ತದೆ. ಆ ನೀರು ಪೂರ್ತಿ ಇಂಗುವವರೆಗೆ ಕಾಯಿರಿ. ಸದ್ದು ಕೇಳುತ್ತಿರಿ: ಕುದಿಯುವ ಸದ್ದು ನಿಂತು ಚಟಪಟ ಶುರುವಾದರೆ ನೀರು ಹೋಯಿತು ಅಂತ. ಆಗ ಎಣ್ಣೆ, ಉಳಿದ ಬೆಣ್ಣೆ, ಈರುಳ್ಳಿ ಹಾಕಿ ಮಧ್ಯಮ ಉರಿಗೆ ಇಳಿಸಿ. ಈರುಳ್ಳಿ ಬರೀ ಬಾಡಿದರೆ ಸಾಲದು, ಅಂಚು ಕೆಂಪಗಾಗಬೇಕು. ಎಂಟು ಹತ್ತು ನಿಮಿಷ ಹಿಡಿಯುತ್ತದೆ. ಕೊನೆಗೆ ಸಕ್ಕರೆ, ಸೋಯಾ ಸಾಸ್ ಹಾಕಿ. ಸಾಸ್ ಬಿಸಿ ಬಾಣಲೆಗೆ ತಾಗಿ ನೊರೆಯುಕ್ಕಿ, ಸುಟ್ಟ ಘಮ ಬಂದ ಮೇಲೆ ಉಪ್ಪು, ಮೆಣಸು, ಜಾಯಿಕಾಯಿ ಸೇರಿಸಿ ಇಳಿಸಿ.

ಇದನ್ನು ಆಲೂಗಡ್ಡೆಗೆ ಸೇರಿಸಿ, ಮರದ ಸೌಟಿನಲ್ಲಿ ಮೇಲೆ ಕೆಳಗೆ ಮಾಡಿ ಬೆರೆಸಿ. ಚಪಾತಿ ಹಿಟ್ಟು ನಾದಿದ ಹಾಗೆ ನಾದಬೇಡಿ. ಈಗಲೇ ರುಚಿ ನೋಡಿ. ಹಾಗೇ ತಿಂದರೂ ಚೆನ್ನಾಗಿದೆ ಅನ್ನಿಸಬೇಕು. ಸಪ್ಪೆ ಇದ್ದರೆ ಕರಿದ ಮೇಲೆ ಇನ್ನೂ ಸಪ್ಪೆ ಅನ್ನಿಸುತ್ತದೆ.

ಆಕಾರ

ಹೂರಣವನ್ನು ತಟ್ಟೆಯಲ್ಲಿ ತೆಳ್ಳಗೆ ಹರಡಿ ಆರಲು ಬಿಡಿ. ಹಬೆ ಆಡುತ್ತಿರುವಾಗ ಮುಚ್ಚಳ ಮುಚ್ಚಬೇಡಿ, ಬೆವರು ಮತ್ತೆ ಒಳಕ್ಕೇ ಇಳಿಯುತ್ತದೆ. ಪೂರ್ತಿ ಆರಿದ ಮೇಲೆ ಎಂಟು ಪಾಲು ಮಾಡಿ.

ಜಪಾನಿನಲ್ಲಿ ಎರಡು ಆಕಾರ ರೂಢಿಯಲ್ಲಿವೆ. ಕೊಬಾನ್ ಅನ್ನುವ ಹಳೇ ಕಾಲದ ಚಿನ್ನದ ನಾಣ್ಯದ ಹಾಗೆ ಚಪ್ಪಟೆ ಅಂಡಾಕಾರ ಒಂದು, ಭತ್ತದ ಮೂಟೆಯ ಹಾಗೆ ಉದ್ದುರುಟು ಇನ್ನೊಂದು. ಮೊದಲ ಸಲ ಮಾಡುವವರಿಗೆ ಚಪ್ಪಟೆಯದೇ ಒಳ್ಳೆಯದು. ಕಡಿಮೆ ಎಣ್ಣೆ ಸಾಕು, ಬಿಸಿಯೂ ಬೇಗ ಒಳಗೆ ಹೋಗುತ್ತದೆ. ಕೈಗೆ ತೆಳುವಾಗಿ ಎಣ್ಣೆ ಸವರಿಕೊಂಡು, ಒಂದು ಪಾಲನ್ನು ಅಂಗೈಯಿಂದ ಅಂಗೈಗೆ ನಾಲ್ಕೈದು ಸಲ ತಟ್ಟಿ ಗಾಳಿ ಹೊರಡಿಸಿ. ಎರಡು ಸೆಂಟಿಮೀಟರ್ ದಪ್ಪ ಇರಲಿ. ಅಂಚಿನಲ್ಲಿ ಬಿರುಕು ಕಂಡರೆ ಬೆರಳಿನಿಂದ ಒತ್ತಿ ಮುಚ್ಚಿ. ಕಣ್ಣಿಗೆ ಕಾಣುವ ಸಣ್ಣ ಬಿರುಕೇ ಎಣ್ಣೆಯಲ್ಲಿ ದೊಡ್ಡ ಬಾಯಿ ತೆರೆಯುತ್ತದೆ. ತಟ್ಟೆಯಲ್ಲಿ ಜೋಡಿಸಿ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ.

ಮೊಟ್ಟೆ ಇಲ್ಲದ ಹೊದಿಕೆ

ಹೊದಿಕೆಯಲ್ಲಿ ಮೊಟ್ಟೆ ಮಾಡುವುದು ಅಂಟಿನ ಕೆಲಸ ಅಷ್ಟೇ. ಮೈದಾ ನೀರು ಸೇರಿದರೂ ಆ ಕೆಲಸ ಆಗುತ್ತದೆ. ಅರ್ಧ ಕಪ್ ಮೈದಾಕ್ಕೆ ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ ಗಂಟಿಲ್ಲದೆ ಕಲಸಿ, ಚಿಟಿಕೆ ಉಪ್ಪು ಹಾಕಿ, ಹತ್ತು ನಿಮಿಷ ಬಿಡಿ. ಬೆರಳು ಅದ್ದಿ ಎತ್ತಿದರೆ ಚರ್ಮದ ಬಣ್ಣ ಕಾಣದಷ್ಟು ಮೆತ್ತಬೇಕು, ನಿಧಾನವಾಗಿ ತೊಟ್ಟಿಕ್ಕಬೇಕು. ನೀರಾದರೆ ಪಾಂಕೊ ಉದುರುತ್ತದೆ. ಗಟ್ಟಿಯಾದರೆ ಹೊದಿಕೆ ದಪ್ಪವಾಗಿ ಒಳಗೆ ಹಸಿ ಹಿಟ್ಟು ಉಳಿಯುತ್ತದೆ. ಕಡಲೆಹಿಟ್ಟು ಹಾಕುವ ಆಸೆ ಬರಬಹುದು. ಬೇಡ, ಅದರ ರುಚಿ ಎದ್ದು ನಿಲ್ಲುತ್ತದೆ.

ಪಾಂಕೊ ಈಗ ದೊಡ್ಡ ಸೂಪರ್ ಮಾರ್ಕೆಟ್‌ಗಳಲ್ಲಿ, ಆನ್‌ಲೈನ್‌ನಲ್ಲಿ ಸಿಗುತ್ತದೆ. ಸಿಗದಿದ್ದರೆ ಮನೆಯಲ್ಲಿ ಮಾಡಿಕೊಳ್ಳಿ. ಆರೇಳು ಹೋಳು ಬಿಳಿ ಬ್ರೆಡ್ ತಗೊಂಡು, ಕಂದು ಅಂಚು ಕತ್ತರಿಸಿ, ಒಂದು ಗಂಟೆ ಫ್ರೀಜರ್‌ನಲ್ಲಿಡಿ. ಗಟ್ಟಿಯಾದ ಮೇಲೆ ತುರಿಯುವ ಮಣೆಯ ದೊಡ್ಡ ಕಣ್ಣಿನಲ್ಲಿ ತುರಿಯಿರಿ. ಉದ್ದುದ್ದ, ಒರಟು ಚೂರು ಬರಬೇಕು. ತಟ್ಟೆಯಲ್ಲಿ ಹರಡಿ ಒಂದೆರಡು ಗಂಟೆ ಫ್ಯಾನ್ ಕೆಳಗೆ ಇಟ್ಟರೆ ಸಾಕು. ಹೀಗೆ ಸ್ವಲ್ಪ ಹಸಿಯಾಗಿರುವ ಪಾಂಕೊವನ್ನೂ ಜಪಾನಿನಲ್ಲಿ ಬೇರೆಯಾಗಿ ಮಾರುತ್ತಾರೆ. ಕರಿದಾಗ ಅದರ ಎಳೆಗಳು ಎದ್ದು ನಿಲ್ಲುತ್ತವೆ. ಮಿಲ್ಕ್ ಬ್ರೆಡ್‌ನಲ್ಲಿ ಸಕ್ಕರೆ ಜಾಸ್ತಿ ಇರುವುದರಿಂದ ಬೇಗ ಕೆಂಪಾಗುತ್ತದೆ, ಸಾದಾ ಬ್ರೆಡ್ ಒಳ್ಳೆಯದು. ರಸ್ಕ್ ಪುಡಿ ಬಳಸಬೇಡಿ. ನುಣ್ಣಗಿರುವ ಪುಡಿ ಮೈಗೆ ಒತ್ತಾಗಿ ಮೆತ್ತಿಕೊಳ್ಳುತ್ತದೆ. ಕಚ್ಚಿದಾಗ ಕರುಂ ಅನ್ನುವ ಹಗುರ ಸದ್ದು ಬರುವುದಿಲ್ಲ.

ಮೂರು ತಟ್ಟೆ ಸಾಲಾಗಿ ಇಟ್ಟುಕೊಳ್ಳಿ. ಮೊದಲು ಒಣ ಮೈದಾದಲ್ಲಿ ಹೊರಳಿಸಿ, ಜಾಸ್ತಿ ಆದದ್ದನ್ನು ತಟ್ಟಿ ಉದುರಿಸಿ. ನಂತರ ಕಲಸಿದ ಹಿಟ್ಟಿನಲ್ಲಿ ಅದ್ದಿ. ಆಮೇಲೆ ಪಾಂಕೊ ರಾಶಿಯ ಮೇಲಿಟ್ಟು, ಮೇಲಿಂದಲೂ ಪಾಂಕೊ ಸುರಿದು, ಮೆಲ್ಲಗೆ ಒತ್ತಿ. ಒಂದು ಕೈ ಒಣ ತಟ್ಟೆಗಳಿಗೆ, ಇನ್ನೊಂದು ಕೈ ಹಸಿ ಹಿಟ್ಟಿಗೆ ಅಂತ ಇಟ್ಟುಕೊಂಡರೆ ಬೆರಳಿಗೆಲ್ಲ ಮೆತ್ತಿಕೊಳ್ಳುವುದಿಲ್ಲ. ಬದಿಗಳನ್ನು ಮರೆಯಬೇಡಿ. ಮೇಲೆ ಕೆಳಗೆ ಎಲ್ಲರೂ ಚೆನ್ನಾಗಿ ಮೆತ್ತುತ್ತಾರೆ, ಒಡೆಯುವುದು ಬದಿಯಲ್ಲಿ. ಪೂರ್ತಿ ಹೊದಿಸಿದ ಮೇಲೆ ಹತ್ತು ನಿಮಿಷ ಹಾಗೇ ಬಿಟ್ಟರೆ ಹೊದಿಕೆ ಕಚ್ಚಿಕೊಳ್ಳುತ್ತದೆ.

ಕರಿಯುವುದು

ಒಳಗಿರುವುದೆಲ್ಲ ಆಗಲೇ ಬೆಂದಿದೆ. ಹೊದಿಕೆ ಗರಿಗರಿಯಾಗಬೇಕು, ಒಳಗೆ ಬಿಸಿಯಾಗಬೇಕು, ಅಷ್ಟೇ. ಅದಕ್ಕೇ ಕಾದ ಎಣ್ಣೆ, ಕಡಿಮೆ ಹೊತ್ತು. ಎಣ್ಣೆ 175 ಡಿಗ್ರಿ ಇರಲಿ, ಆಳ ಮೂರು ಸೆಂಟಿಮೀಟರಿಗಿಂತ ಕಡಿಮೆ ಬೇಡ. ಥರ್ಮಾಮೀಟರ್ ಇಲ್ಲದಿದ್ದರೆ ಎರಡು ಚೂರು ಪಾಂಕೊ ಹಾಕಿ ನೋಡಿ. ತಳಕ್ಕೆ ಹೋಗಿ ನಿಧಾನ ಮೇಲೆ ಬಂದರೆ ಕಾವು ಸಾಲದು. ಅರ್ಧಕ್ಕೆ ಇಳಿದು ತಕ್ಷಣ ಮೇಲೆದ್ದರೆ ಸರಿಯಾಗಿದೆ. ಇಳಿಯದೆ ಮೇಲೇ ಹರಡಿ ಕೆಂಪಾಗಿಬಿಟ್ಟರೆ ಉರಿ ಕಡಿಮೆ ಮಾಡಿ.

ಒಂದು ಸಲಕ್ಕೆ ಎರಡು, ಬಾಣಲೆ ಅಗಲ ಇದ್ದರೆ ಮೂರು. ಅದಕ್ಕಿಂತ ಜಾಸ್ತಿ ಹಾಕಿದರೆ ಎಣ್ಣೆಯ ಕಾವು ಇಳಿದುಹೋಗುತ್ತದೆ. ಹಾಕಿದ ಮೇಲೆ ಒಂದು ನಿಮಿಷ ಮುಟ್ಟಲೇಬೇಡಿ. ಹೊದಿಕೆ ಗಟ್ಟಿಯಾಗುವ ಮೊದಲೇ ಜಾಲರಿ ತಾಗಿಸಿದರೆ ಗಾಯವಾಗುತ್ತದೆ, ಅಲ್ಲಿಂದಲೇ ಹೂರಣ ಹೊರಗೆ ಬರುತ್ತದೆ. ಅಂಚು ಹೊಂಬಣ್ಣಕ್ಕೆ ತಿರುಗಿದ ಮೇಲೆ ಒಮ್ಮೆ ಮಾತ್ರ ತಿರುಗಿಸಿ. ಒಟ್ಟು ಮೂರು ನಿಮಿಷ ಸಾಕು. ತೆಗೆಯುವಾಗ ಗುಳ್ಳೆ ಕಡಿಮೆಯಾಗಿ ಸದ್ದು ಸಣ್ಣದಾಗಿರುತ್ತದೆ. ಬಣ್ಣ ನಿಮಗೆ ಬೇಕಾದ್ದಕ್ಕಿಂತ ಒಂದು ಪಾಲು ತೆಳು ಇರುವಾಗಲೇ ತೆಗೆಯಿರಿ, ಹೊರಗೆ ಬಂದ ಮೇಲೂ ಸ್ವಲ್ಪ ಏರುತ್ತದೆ.

ತೆಗೆದದ್ದನ್ನು ಪೇಪರ್ ಮೇಲೆ ಮಲಗಿಸಿದರೆ ಅಡಿಯ ಹಬೆ ಹೋಗಲು ಜಾಗವಿಲ್ಲದೆ ಮೆತ್ತಗಾಗುತ್ತದೆ. ಸರಿಗೆಯ ಸ್ಟ್ಯಾಂಡ್ ಮೇಲೆ ಒಂದಕ್ಕೊಂದು ತಾಗದ ಹಾಗೆ ನಿಲ್ಲಿಸಿ. ಪ್ರತಿ ಸಲ ಎಣ್ಣೆಯಲ್ಲಿ ಬಿದ್ದ ಪಾಂಕೊ ಚೂರುಗಳನ್ನು ತೆಗೆದು ಬಿಡಿ. ಇಲ್ಲದಿದ್ದರೆ ಅವು ಸೀದು ಮುಂದಿನದಕ್ಕೆ ಕಹಿ ಅಂಟುತ್ತದೆ.

ಒಂದು ಒಡೆಯಿತು ಅಂದರೆ ಉಳಿದದ್ದನ್ನು ಕರಿಯುವ ಮೊದಲು ನಿಂತು ಯೋಚಿಸಿ. ಹಾಕಿದ ಕೂಡಲೇ ಒಡೆದಿದ್ದರೆ ಎಣ್ಣೆ ಕಾದಿಲ್ಲ, ಅಥವಾ ಬದಿಯಲ್ಲಿ ಹೊದಿಕೆ ತೆಳುವಾಗಿದೆ. ಕೊನೆಗೆ ಒಡೆದಿದ್ದರೆ ಜಾಸ್ತಿ ಹೊತ್ತು ಬಿಟ್ಟಿದ್ದೀರಿ. ಒಳಗಿನ ನೀರು ಹಬೆಯಾಗಿ ದಾರಿ ಹುಡುಕಿದೆ. ಹೂರಣವೇ ಹಸಿ ಅನ್ನಿಸಿದರೆ ಉಳಿದವನ್ನು ಇನ್ನೊಮ್ಮೆ ಹಿಟ್ಟು, ಪಾಂಕೊದಲ್ಲಿ ಹೊದಿಸಿ. ಎರಡು ಪದರ ಆದರೆ ತಡೆದುಕೊಳ್ಳುತ್ತದೆ.

ಕರಿದದ್ದು ಬೇಡ ಅನ್ನುವವರಿಗೆ ಜಪಾನಿನಲ್ಲೇ ಒಂದು ಉಪಾಯ ಇದೆ. ಪಾಂಕೊವನ್ನು ಮೊದಲೇ ಎರಡು ಚಮಚ ಎಣ್ಣೆ ಹಾಕಿ ಬಾಣಲೆಯಲ್ಲಿ ಹೊಂಬಣ್ಣಕ್ಕೆ ಹುರಿದುಕೊಂಡು, ನಂತರ ಹೊದಿಸುತ್ತಾರೆ. ಓವನ್ ಅಥವಾ ಏರ್ ಫ್ರೈಯರ್‌ನಲ್ಲಿ 200 ಡಿಗ್ರಿಯಲ್ಲಿ ಹತ್ತು ನಿಮಿಷ ಸಾಕು. ಹುರಿಯದ ಬಿಳಿ ಪಾಂಕೊ ಹಾಕಿ ಏರ್ ಫ್ರೈಯರ್‌ಗೆ ಇಟ್ಟರೆ ಅದು ಒಣಗುತ್ತದೆಯೇ ಹೊರತು ಬಣ್ಣ ಬರುವುದಿಲ್ಲ.

ಜೊತೆಗೆ ಕೋಸು, ಸಾಸ್

ಕೊರೊಕ್ಕೆ ಜೊತೆ ಹಸಿ ಎಲೆಕೋಸು ಇರಲೇಬೇಕು. ಎಲೆ ಬಿಡಿಸಿ, ನಡುವಿನ ದಪ್ಪ ದಂಟು ತೆಗೆದು, ಸುರುಳಿ ಸುತ್ತಿ, ಕೂದಲೆಳೆಯಷ್ಟು ಸಣ್ಣಗೆ ಹೆಚ್ಚಿ. ಐಸ್ ನೀರಿನಲ್ಲಿ ಐದು ನಿಮಿಷ ಹಾಕಿ, ಚೆನ್ನಾಗಿ ಬಸಿಯಿರಿ. ಎಣ್ಣೆ ತಿಂದ ಬಾಯಿಗೆ ಆ ತಂಪು ಬೇಕು.

ಸಾಸ್ ಅಂದರೆ ಜಪಾನಿನ ಗಟ್ಟಿ ಕಂದು ಸಾಸ್, ಟೊಂಕತ್ಸು ಸಾಸ್ ಅಂತ ಸಿಗುತ್ತದೆ. ಬುಲ್‌ಡಾಗ್ ಕಂಪನಿಯದು ಹೆಸರುವಾಸಿ. ಇದರ ಮೂಲ ಇಂಗ್ಲೆಂಡಿನ ವೋರ್ಸ್ಟರ್‌ಶೈರ್ ಸಾಸ್. ಆ ಇಂಗ್ಲಿಷ್ ಸಾಸಿನಲ್ಲಿ ಸಾಮಾನ್ಯವಾಗಿ ಆಂಚೊವಿ ಅನ್ನುವ ಮೀನು ಇರುತ್ತದೆ, ಹಾಗಾಗಿ ಅದು ಬೇಡ. ಜಪಾನಿ ಸಾಸಿನಲ್ಲಿ ಹಣ್ಣು, ತರಕಾರಿಯೇ ಜಾಸ್ತಿ, ಆದರೂ ಲೇಬಲ್ ಓದಿ ಕೊಳ್ಳಿ.

ಮನೆಯಲ್ಲಿ ಮಾಡುವುದಾದರೆ ಎರಡು ಖರ್ಜೂರ ನೆನೆಸಿ ನುಣ್ಣಗೆ ರುಬ್ಬಿ, ಮೂರು ದೊಡ್ಡ ಚಮಚ ಟೊಮೆಟೊ ಕೆಚಪ್, ಒಂದು ದೊಡ್ಡ ಚಮಚ ಸೋಯಾ ಸಾಸ್, ಒಂದು ಸಣ್ಣ ಚಮಚ ಗಟ್ಟಿ ಹುಣಸೆರಸ, ಅರ್ಧ ಚಮಚ ವಿನೆಗರ್, ಒಂದು ಲವಂಗದ ಪುಡಿ, ಚಿಟಿಕೆ ಮೆಣಸು ಸೇರಿಸಿ ಎರಡು ನಿಮಿಷ ಕುದಿಸಿ. ಹುಣಸೆ ಹಾಕಿದ್ದಕ್ಕೆ ಇದು ನಮ್ಮ ರುಚಿಗೆ ತಿರುಗಿಬಿಡುತ್ತೆ ಅಂತ ಹೆದರಬೇಡಿ. ವೋರ್ಸ್ಟರ್‌ಶೈರ್ ಸಾಸಿನಲ್ಲೂ ಹುಣಸೆ ಇದೆ. ಹಾಂ, ಸಾಸನ್ನು ಮೊದಲೇ ಸುರಿದಿಟ್ಟರೆ ಅಷ್ಟು ಹೊತ್ತು ಪಟ್ಟ ಶ್ರಮ ನೀರಾಗುತ್ತದೆ. ತಿನ್ನುವಾಗ ಹಾಕಿಕೊಳ್ಳಿ.

ಅನ್ನದ ಜೊತೆ ತಿನ್ನಬಹುದು. ಬನ್ ಸೀಳಿ, ಬೆಣ್ಣೆ ಸವರಿ, ಕೋಸು, ಕೊರೊಕ್ಕೆ, ಸಾಸ್ ಇಟ್ಟರೆ ಕೊರೊಕ್ಕೆ ಪಾನ್ ಆಗುತ್ತದೆ. ಮಕ್ಕಳ ಡಬ್ಬಿಗೆ ಇದು ಬಹಳ ಒಳ್ಳೆಯದು. ಆರಿದ ಕೊರೊಕ್ಕೆಯೂ ಬನ್‌ನಲ್ಲಿ ಚೆನ್ನಾಗಿರುತ್ತದೆ.

ಮಾಡಿಟ್ಟುಕೊಳ್ಳುವವರಿಗೆ

ಜಪಾನಿನಲ್ಲಿ ಚಂಡಮಾರುತ ಬರುತ್ತದೆ ಅಂದರೆ ಕೊರೊಕ್ಕೆ ಕೊಳ್ಳುವ ಒಂದು ರೂಢಿ ಇದೆ. 2001ರ ಆಗಸ್ಟ್‌ನಲ್ಲಿ ಚಂಡಮಾರುತದ ಹೊತ್ತಿಗೆ ಯಾರೋ ಒಬ್ಬರು ಇಂಟರ್ನೆಟ್‌ನಲ್ಲಿ, ಇರಲಿ ಅಂತ 16 ಕೊರೊಕ್ಕೆ ತಂದಿಟ್ಟಿದ್ದೇನೆ, ಆಗಲೇ ಮೂರು ತಿಂದಾಯಿತು ಅಂತ ಬರೆದರು. ಅದು ಎಲ್ಲರ ಬಾಯಿಗೆ ಬಂದು, ಈಗ ಸೂಪರ್ ಮಾರ್ಕೆಟ್‌ಗಳೂ ಚಂಡಮಾರುತದ ದಿನ ಕೊರೊಕ್ಕೆ ಮುಂದಿಟ್ಟು ಮಾರುತ್ತವೆ. ಒಮ್ಮೆಗೇ ಜಾಸ್ತಿ ಮಾಡಿ ಇಟ್ಟುಕೊಳ್ಳುವ ತಿಂಡಿ ಇದು ಅನ್ನುವುದಂತೂ ಸರಿ.

ಪಾಂಕೊ ಹೊದಿಸಿದ ಮೇಲೆ, ಕರಿಯುವ ಮೊದಲು ಫ್ರೀಜ್ ಮಾಡಿ. ತಟ್ಟೆಯಲ್ಲಿ ಬಿಡಿಬಿಡಿಯಾಗಿ ಇಟ್ಟು, ಕಲ್ಲಾದ ಮೇಲೆ ಡಬ್ಬಿಗೆ ತುಂಬಿ. ಒಂದು ತಿಂಗಳೊಳಗೆ ಮುಗಿಸಿದರೆ ರುಚಿ ಕೆಡುವುದಿಲ್ಲ. ಕರಿಯುವಾಗ ಕರಗಲು ಬಿಡಬೇಡಿ. ಕರಗಿದರೆ ನೀರು ಬಿಟ್ಟು ಒಡೆಯುತ್ತದೆ. ಫ್ರೀಜರ್‌ನಿಂದ ನೇರ ಎಣ್ಣೆಗೆ, 165ರಿಂದ 170 ಡಿಗ್ರಿಯಲ್ಲಿ, ಐದಾರು ನಿಮಿಷ. ಮೈಗೆ ಮಂಜಿನ ಚೂರು ಅಂಟಿದ್ದರೆ ಕೊಡವಿ ಹಾಕಿ, ಇಲ್ಲದಿದ್ದರೆ ಎಣ್ಣೆ ಸಿಡಿಯುತ್ತದೆ. ಒಂದನ್ನು ಮುರಿದು ನೋಡಿ, ನಡುವೆ ತಣ್ಣಗಿದ್ದರೆ ಉಳಿದವಕ್ಕೆ ಒಂದು ನಿಮಿಷ ಜಾಸ್ತಿ ಕೊಡಿ.

ಕರಿದು ಉಳಿದದ್ದನ್ನು ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದರೆ ಹೊದಿಕೆ ಒದ್ದೆಯಾಗುತ್ತದೆ. ಓವನ್ ಅಥವಾ ಏರ್ ಫ್ರೈಯರ್‌ನಲ್ಲಿ 180 ಡಿಗ್ರಿ, ಐದು ನಿಮಿಷ. ಇಲ್ಲದಿದ್ದರೆ ದಪ್ಪ ತವಾ ಮೇಲೆ ಎಣ್ಣೆ ಹಾಕದೆ ಸಣ್ಣ ಉರಿಯಲ್ಲಿ ಎರಡೂ ಕಡೆ ಬಿಸಿ ಮಾಡಿ. ಇನ್ನೂ ಒಂದು ದಾರಿ ಇದೆ. ಜಪಾನಿನ ರೈಲ್ವೆ ನಿಲ್ದಾಣದ ನೂಡಲ್ಸ್ ಅಂಗಡಿಗಳಲ್ಲಿ ಬಿಸಿ ಸಾರಿನಲ್ಲಿರುವ ಸೋಬಾ ಎಂಬ ನೂಡಲ್ಸ್ ಮೇಲೆ ಒಂದು ಕೊರೊಕ್ಕೆ ಇಟ್ಟು ಕೊಡುತ್ತಾರೆ. ಅಲ್ಲಿನ ಸಾರಿಗೆ ಸಾಮಾನ್ಯವಾಗಿ ಒಣಮೀನು ಹಾಕಿರುತ್ತಾರೆ. ಮನೆಯಲ್ಲಾದರೆ ನಾಲ್ಕು ಒಣ ಶಿಟಾಕೆ ಅಣಬೆ, ಕೊಂಬು ಎಂಬ ಕಡಲಪಾಚಿಯ ಬೆರಳುದ್ದದ ಒಂದು ತುಂಡನ್ನು ಮೂರು ಲೋಟ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಕುದಿ ಬರುವ ಹೊತ್ತಿಗೆ ಕೊಂಬು ತೆಗೆದು, ಮೂರು ಚಮಚ ಸೋಯಾ ಸಾಸ್, ಒಂದು ಚಮಚ ಸಕ್ಕರೆ ಹಾಕಿದರೆ ಸಾರು ಸಿದ್ಧ. ಕೊರೊಕ್ಕೆಯ ಅರ್ಧ ಭಾಗ ಸಾರಿನಲ್ಲಿ ನೆನೆದು ಕರಗಲಿ, ಇನ್ನರ್ಧ ಗರಿಗರಿ ಇರುವಾಗಲೇ ತಿನ್ನಿ.